ಮೂರಡಿ ಮಣೆಯ ಮೇಲೆ ಕಿರುಗೊಂಬೆಗಳ ಚಕಮಕಿ

ಆಟವೆಂದರೆ ಬರಿಯ ಕಾಲಹರಣವೆಂದು ಬಗೆಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಮೊನ್ನೆ ಮೊನ್ನೆಯವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಮಠದ ಪಾಠಶಾಲೆಯಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ವ್ಯಾಕರಣ ಸೂತ್ರಗಳನ್ನು ಬಾಯಿಪಾಠ ಮಾಡಿ ಬೆಳೆದವನಿಗೆ ಆಟದಲ್ಲಿ ಆದರ ಹುಟ್ಟುವುದಾದರೂ ಹೇಗೆ? ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಮಠದ ಅಂಗಳದ ಹಾಸುಗಲ್ಲೊಂದರ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಯಾರೋ ಎಂದೋ ಕೊರೆದಿದ್ದರು. ಮಧ್ಯಾಹ್ನದ ಪ್ರಸಾದವಾದ ಮೇಲೆ ಗುರುಗಳು ವಿಶ್ರಮಿಸಿದ ಹೊತ್ತಿನಲ್ಲಿ ನಾವು ವಟುಗಳು ಹುಣಸೆ ಬೀಜಗಳನ್ನು ಕುರಿಗಳೆಂದೂ ಹಂಚಿನ ಚೂರುಗಳನ್ನು ಹುಲಿಗಳೆಂದೂ ಇಟ್ಟುಕೊಂಡು ಆಡುತ್ತಿದ್ದೆವು. ಗುರುಗಳು ಕಂಡರೂ ಕಾಣದಂತೆ ಇರುತ್ತಿದ್ದರು. ಆ ಕಲ್ಲನ್ನು ನಾನು ಐವತ್ತು ವರುಷ ಮರೆತಿದ್ದೆ. ಅದನ್ನು ನೆನಪಿಗೆ ತಂದವನು ನನ್ನ ಮೊಮ್ಮಗ.

ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವ ಈ ಹುಡುಗ ಕಳೆದ ಬೇಸಿಗೆ ರಜೆಯಲ್ಲಿ ಹುಕ್ಕೇರಿಯ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಒಂದು ಪೆಟ್ಟಿಗೆಯಿತ್ತು. ಒಳಗೆ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಪ್ಲಾಸ್ಟಿಕ್ಕಿನ ಗೊಂಬೆಗಳು. ಕೆಲವು ಮನುಷ್ಯರು, ಕೆಲವು ಯಂತ್ರಮಾನವರು, ಒಂದೆರಡು ಯಾವ ಪುರಾಣದಲ್ಲಿಯೂ ಕಾಣದ ಪ್ರಾಣಿಗಳು. ಎಲ್ಲರ ಕೈಯಲ್ಲಿಯೂ ಬಂದೂಕು. "ಇದೇನಪ್ಪಾ?" ಎಂದೆ. "ವಾರ್‌ಗೇಮ್" ಎಂದು ಒಂದೇ ಶಬ್ದದಲ್ಲಿ ಉತ್ತರ ಬಂತು. ಯುದ್ಧದ ಆಟ! ಲಿಂಗಪೂಜೆ ನಡೆಯುವ ಮನೆಯಲ್ಲಿ ಕೊಲ್ಲುವ ಆಟ ಬೇಡವೆಂದು ನಾನು ಪೆಟ್ಟಿಗೆಯನ್ನು ಅಟ್ಟದ ಮೇಲಿಡಿಸಿದೆ. ಹುಡುಗ ಎದುರು ಮಾತಾಡಲಿಲ್ಲ. ಮೂರು ದಿನ ಮೊಬೈಲಿನಲ್ಲಿ ಮುಖವಿಟ್ಟು ಕುಳಿತ. ನಾಲ್ಕನೆಯ ದಿನ ನಮ್ಮ ಮನೆಯವರು, "ಹುಡುಗ ನಿಮ್ಮ ಕೂಡ ಮಾತಾಡದ ಎಷ್ಟು ವರ್ಷಾತು, ಲೆಕ್ಕ ಇಟ್ಟೀರೇನು?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಚುಚ್ಚಿತು. ಪೆಟ್ಟಿಗೆ ಕೆಳಗಿಳಿಯಿತು. ಇಂತಹ ಪೆಟ್ಟಿಗೆಗಳು ಈಗ ಹಲವರ ಮನೆಗೆ ಬರುತ್ತಿರಬಹುದಾದ್ದರಿಂದ, ನಾನು ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಈ ಆಟದ ಸ್ವರೂಪ

ಚದುರಂಗದಲ್ಲಿ ಮನೆಗಳುಂಟು, ಕಾಯಿಗಳು ಮನೆಯಿಂದ ಮನೆಗೆ ನಡೆಯುತ್ತವೆ. ಈ ಆಟದಲ್ಲಿ ಮನೆಗಳಿಲ್ಲ. ಮೇಜಿನ ಮೇಲೆ ಗುಡ್ಡ, ಗೋಡೆ, ಪಾಳುಮನೆ, ಸೇತುವೆಗಳ ಮಾದರಿಗಳನ್ನು ಹರಡಿ, ಗೊಂಬೆಗಳನ್ನು ಅವುಗಳ ನಡುವೆ ನಿಲ್ಲಿಸುತ್ತಾರೆ. ಗೊಂಬೆ ಎಷ್ಟು ದೂರ ನಡೆಯಬಹುದೆಂಬುದನ್ನು ಅಳತೆಪಟ್ಟಿಯಿಂದ ಇಂಚುಗಳಲ್ಲಿ ಅಳೆಯುತ್ತಾರೆ. ಹೊಡೆತ ತಾಗಿತೋ ತಪ್ಪಿತೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಎದುರಾಳಿ ಕಾಣುತ್ತಾನೆಯೋ ಇಲ್ಲವೋ ಎಂದು ತಿಳಿಯಲು ಆಟಗಾರನು ಬಗ್ಗಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣನ್ನು ತಂದು ನೋಡುತ್ತಾನೆ. ಈ ಆಟದ ಸೊಗಸೆಲ್ಲ ಇರುವುದು ಆ ಬಗ್ಗಿ ನೋಡುವುದರಲ್ಲಿ ಎಂದು ನನಗೆ ಅನಂತರ ಹೊಳೆಯಿತು.

ಇದರಲ್ಲಿ ಎರಡು ಬಗೆ. ನೂರಾರು ಗೊಂಬೆಗಳ ದೊಡ್ಡ ಸೈನ್ಯಗಳು ಎದುರಾಗುವುದು ಒಂದು ಬಗೆ. ಐದರಿಂದ ಹತ್ತು ಗೊಂಬೆಗಳ ಸಣ್ಣ ತಂಡಗಳ ಚಕಮಕಿ ಇನ್ನೊಂದು. ಎರಡನೆಯದನ್ನು ನಮ್ಮ ಭಾಗದವರಿಗೆ ತಿಳಿಯಹೇಳುವುದು ಸುಲಭ. ಕಿತ್ತೂರಿನ ಪತನಾನಂತರ ಸಂಗೊಳ್ಳಿ ರಾಯಣ್ಣನು ದೊಡ್ಡ ದಂಡು ಕಟ್ಟಿ ಬಯಲಿನಲ್ಲಿ ಕಾದಲಿಲ್ಲ. ಸಣ್ಣ ತಂಡಗಳೊಡನೆ ಕಾಡುಮೇಡುಗಳ ಮರೆ ಹಿಡಿದು ಹೋರಾಡಿದನು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಹೋರಾಟದ ರೀತಿಯೇ ಚಕಮಕಿಯ ರೀತಿ. ಇಲ್ಲಿ ಸಂಖ್ಯೆಗಿಂತ ನೆಲದ ಅರಿವು ಹೆಚ್ಚು. ಪ್ರತಿಯೊಬ್ಬನಿಗೂ ಹೆಸರುಂಟು, ಬೆಲೆಯುಂಟು. ಹೊಸದಾಗಿ ಆರಂಭಿಸುವವರು ಈ ಬಗೆಯನ್ನೇ ಆರಿಸಿಕೊಳ್ಳುವುದು ಲೇಸು. ಖರ್ಚು ಅಲ್ಪ, ಜಾಗ ಅಲ್ಪ, ಒಂದು ಸಂಜೆಯಲ್ಲಿ ಆಟ ಮುಗಿಯುತ್ತದೆ.

ಕಥೆ ವೈಜ್ಞಾನಿಕ ಕಲ್ಪನೆಯದಾದರೆ ರಣಾಂಗಣವು ಭೂಮಿಯ ಮೇಲೆಯೇ ಇರಬೇಕೆಂದಿಲ್ಲ. ಮಂಗಳ ಗ್ರಹವಾಗಬಹುದು, ಇನ್ನೂರು ವರುಷಗಳ ಅನಂತರದ ಬೆಳಗಾವಿ ಜಿಲ್ಲೆಯಾಗಬಹುದು. ನಮ್ಮ ಧಾರವಾಡದ ಕಡೆಯ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ಇಂತಹ ಕಥೆ ಕಾದಂಬರಿಗಳನ್ನು ಬರೆದವರು. ಆದುದರಿಂದ ಈ ಕಲ್ಪನೆ ಕನ್ನಡಕ್ಕೆ ಪರಕೀಯವೆನ್ನಲಾಗದು.

ಹಿಂದಿನ ಹೆಜ್ಜೆಗಳು

ಯುದ್ಧವನ್ನು ಮಣೆಯ ಮೇಲೆ ತಂದವರಲ್ಲಿ ಭಾರತೀಯರೂ ಸೇರಿದ್ದಾರೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದಲೇ ಚತುರಂಗವೆಂಬ ಹೆಸರು ಬಂದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ವಿವರಿಸುತ್ತ ಚದುರಂಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಅನೇಕ ಮಣೆಯಾಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳ ವಿಚಾರವಿದೆ. ಇತ್ತ ಪ್ರಶಿಯಾ ದೇಶದಲ್ಲಿ ರೈಸ್ವಿಟ್ಸ್ ಎಂಬ ಸೇನಾಧಿಕಾರಿಯು 1824ರಲ್ಲಿ ನಕಾಶೆ, ದಾಳ ಮತ್ತು ಮಧ್ಯಸ್ಥನೊಬ್ಬನನ್ನು ಇಟ್ಟುಕೊಂಡು ಆಡುವ ಯುದ್ಧಾಭ್ಯಾಸದ ಆಟವನ್ನು ಪ್ರಕಟಿಸಿದನು. ಅದು ಅಲ್ಲಿಯ ಸೈನ್ಯಾಧಿಕಾರಿಗಳ ಶಿಕ್ಷಣದ ಅಂಗವಾಯಿತು.

ಅದನ್ನು ಮನೆಯ ನೆಲದ ಮೇಲೆ ಮಕ್ಕಳ ಗೊಂಬೆಗಳೊಡನೆ ಆಡುವ ಆಟವನ್ನಾಗಿ ಪ್ರಸಿದ್ಧಿಗೆ ತಂದವನು ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್. ಮಂಗಳ ಗ್ರಹದವರು ಭೂಮಿಗೆ ಮುತ್ತಿಗೆ ಹಾಕಿದ ಕಥೆಯನ್ನು 1898ರಲ್ಲಿ ಪುಸ್ತಕವಾಗಿ ತಂದವನೂ ಅವನೇ. 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಕಿರುಹೊತ್ತಗೆಯಲ್ಲಿ ಅವನು ತನ್ನ ಆಟದ ನಿಯಮಗಳನ್ನು ಕೊಟ್ಟನು. ಮರದ ತುಣುಕುಗಳನ್ನು ಹಾರಿಸುವ ಆಟಿಕೆಯ ಫಿರಂಗಿಗಳಿಂದ ಎದುರಾಳಿಯ ಗೊಂಬೆಗಳನ್ನು ಕೆಡವುವುದು ಅವನ ಕ್ರಮ. ನನ್ನ ಮನಸ್ಸಿಗೆ ಹಿಡಿಸಿದುದು ಅವನ ಕೊನೆಯ ವಾದ: ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧ ಎಷ್ಟು ಅವಿವೇಕದ್ದೆಂಬುದು ತಾನಾಗಿ ತಿಳಿಯುತ್ತದೆ ಎಂಬುದು ಅದರ ಸಾರ. ಮರುವರುಷ, 1914ರಲ್ಲಿ, ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಅವನ ಮಾತನ್ನು ದೊರೆಗಳು ಓದಲಿಲ್ಲವೆಂದೇ ಹೇಳಬೇಕು.

ಈಗ ಜಗತ್ತಿನಲ್ಲಿ ಬಹಳ ಹೆಸರಾದುದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ 'ವಾರ್‌ಹ್ಯಾಮರ್ 40,000'. ಇದು ಮೊದಲು ಬಂದದ್ದು 1987ರಲ್ಲಿ. ಅದೇ ಕಲ್ಪನಾಲೋಕದ ಸಣ್ಣ ತಂಡಗಳ ಆಟಕ್ಕೆ 'ಕಿಲ್ ಟೀಮ್' ಎಂದು ಹೆಸರು. ಗೊಂಬೆಗಳು ಅಂದವಾದವು, ಆದರೆ ಬೆಲೆ ನಮ್ಮಂತಹ ಮಧ್ಯಮ ವರ್ಗದ ಮನೆಗಳಿಗೆ ಭಾರವಾದುದು. ಜೋಸೆಫ್ ಮೆಕಲೊ ಎಂಬವನು ರಚಿಸಿ 2021ರಲ್ಲಿ ಪ್ರಕಟವಾದ 'ಸ್ಟಾರ್‌ಗ್ರೇವ್' ಎಂಬ ಆಟದಲ್ಲಿ ಒಂದು ಅನುಕೂಲವುಂಟು. ಇಂತಹದೇ ಗೊಂಬೆ ಬೇಕೆಂಬ ಕಟ್ಟಳೆ ಅಲ್ಲಿಲ್ಲ. ಕೈಗೆ ಸಿಕ್ಕ ಯಾವ ಗೊಂಬೆಯಾದರೂ ನಡೆಯುತ್ತದೆ. ಒಬ್ಬ ನಾಯಕ, ಒಬ್ಬ ಉಪನಾಯಕ, ಎಂಟು ಜನ ಅನುಚರರು ಸೇರಿ ಒಂದು ತಂಡ. ದಾಳಕ್ಕೆ ಇಪ್ಪತ್ತು ಮುಖ. ಎದುರಾಳಿಯನ್ನು ಮುಗಿಸುವುದಕ್ಕಿಂತ ಪಾಳುಬಿದ್ದ ಗ್ರಹದಲ್ಲಿ ಉಳಿದ ವಸ್ತುಗಳನ್ನು ಹೊತ್ತು ಹೊರಬರುವುದೇ ಅಲ್ಲಿ ಮುಖ್ಯ. "ಯಾವ ಗೊಂಬೆಯಾದರೂ ನಡೀತದ" ಎಂದು ಮೊಮ್ಮಗ ಓದಿ ಹೇಳಿದಾಗ ನನಗೆ ಥಟ್ಟನೆ ನೆನಪಾದುದು ಗೋಕಾಕ.

ಗೋಕಾಕದ ಗೊಂಬೆ

ಗೋಕಾಕವೆಂದೊಡನೆ ಹೊರಗಿನವರಿಗೆ ಕರದಂಟು ಮತ್ತು ಘಟಪ್ರಭೆಯ ಜಲಪಾತ ನೆನಪಾಗುತ್ತವೆ. ಗೊಂಬೆ ಅಷ್ಟಾಗಿ ನೆನಪಾಗುವುದಿಲ್ಲ. ಆದರೆ ನಾನು ಬಾಲಕನಾಗಿದ್ದಾಗ ಗೋಕಾಕದ ಗೊಂಬೆಯಿಲ್ಲದ ಮನೆಯೇ ನಮ್ಮ ಓಣಿಯಲ್ಲಿ ಇರಲಿಲ್ಲ. ಬಣ್ಣ ಹಚ್ಚಿದ ಮಾವಿನಹಣ್ಣು, ಸೀತಾಫಲಗಳನ್ನು ನಿಜವೆಂದು ನಂಬಿ ಕಚ್ಚಿದ ಮಕ್ಕಳ ಕಥೆ ಪ್ರತಿ ಮನೆಯಲ್ಲಿಯೂ ಇತ್ತು. ಈ ಕಾಯಕವನ್ನು ಉಳಿಸಿಕೊಂಡು ಬಂದವರು ಜೀನಗಾರರು. ಜೀನು ಎಂದರೆ ಕುದುರೆಯ ಬೆನ್ನಿನ ಆಸನ. ಅದನ್ನು ಮಾಡುವವರೆಂಬುದೇ ಆ ಹೆಸರಿನ ಅರ್ಥ. ಒಂದು ಕಾಲಕ್ಕೆ ದಂಡಿನ ಕುದುರೆಗಳಿಗೆ ಜೀನು ಹೊಲಿದ ಕುಲದ ಕೈಗಳು ಮಕ್ಕಳ ಗೊಂಬೆ ಕೆತ್ತಲು ತೊಡಗಿದುವೆಂಬುದು ಎಷ್ಟು ಮಧುರವಾದ ಸಂಗತಿ!

ಮೊಮ್ಮಗನನ್ನು ಕರೆದುಕೊಂಡು ನಾನು ಗೋಕಾಕದ ಒಬ್ಬ ವೃದ್ಧ ಕುಶಲಕರ್ಮಿಯ ಮನೆಗೆ ಹೋದೆ. "ಬರ್ರಿ ಗುರುಗಳ, ಕುಂದರ್ರಿ" ಎಂದು ಚಾಪೆ ಹಾಸಿದರು. ಹುಡುಗ ತನ್ನ ಪೆಟ್ಟಿಗೆಯಿಂದ ಒಂದು ಯಂತ್ರಮಾನವನನ್ನು ತೆಗೆದು ಅವರ ಅಂಗೈಯಲ್ಲಿಟ್ಟ. ಅವರು ಕನ್ನಡಕ ಸರಿಪಡಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇವ ದೇವರೋ, ರಾಕ್ಷಸೋ?" ಎಂದು ಕೇಳಿದರು. ಹುಡುಗ ನಕ್ಕ. ಆ ರಜೆಯಲ್ಲಿ ನಾನು ಕಂಡ ಅವನ ಮೊದಲ ನಗೆ ಅದು.

ಇಷ್ಟು ಸಣ್ಣ ಗೊಂಬೆ ಮರದಲ್ಲಿ ಬರಲಾರದು, ಕೈ ಕಾಲು ಮುರಿದುಹೋಗುತ್ತವೆ ಎಂದು ಅವರು ತಿಳಿಸಿ ಹೇಳಿದರು. ಪ್ಲಾಸ್ಟಿಕ್ ಗೊಂಬೆಗಳ ಎತ್ತರ ಸುಮಾರು 28 ಮಿಲಿಮೀಟರು. ಅವರು ಎರಡು ಇಂಚಿಗೆ ಒಪ್ಪಿದರು. ಕೈಗಳು ದೇಹಕ್ಕೆ ಅಂಟಿಕೊಂಡಿರಬೇಕು, ಬಂದೂಕಿನ ಬದಲು ಎದೆಯ ಮೇಲೆ ಹಿಡಿದ ಕೋಲಿರಬೇಕು, ಅಡಿಯಲ್ಲಿ ಒಂದು ಇಂಚಿನ ದುಂಡು ಪೀಠವಿರಬೇಕು ಎಂದು ನಿಶ್ಚಯವಾಯಿತು. ಹತ್ತು ಗೊಂಬೆಗಳಿಗೆ ಒಂದೂವರೆ ಸಾವಿರ ರೂಪಾಯಿ ಎಂದರು. ನಾನು ಚೌಕಾಸಿ ಮಾಡಲಿಲ್ಲ. ಮರ ಆರಬೇಕು, ಕೆತ್ತಬೇಕು, ಉಜ್ಜಬೇಕು, ಬಣ್ಣದ ಮೇಲೆ ಬಣ್ಣ ಕೂಡಬೇಕು. ಕೂಲಿ ಲೆಕ್ಕ ಹಾಕಿದರೆ ಅದು ಹೆಚ್ಚಲ್ಲ. "ಮಕ್ಕಳು ಈ ಕೆಲಸಕ್ಕ ಬರಲಿಲ್ರಿ. ನೌಕರಿ ಹಿಡದ್ರು. ಅವರದೇನು ತಪ್ಪಿಲ್ಲ ಬಿಡ್ರಿ" ಎಂದು ಅವರು ತಾವಾಗಿಯೇ ಹೇಳಿ ಸುಮ್ಮನಾದರು.

ಗೋಕಾಕ ದೂರವಾದ ಓದುಗರಿಗೆ ಬೇರೆ ದಾರಿಗಳೂ ಉಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳಿಗೆ ಹೆಸರಾದವರು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣ ಹಿಡಿಸುತ್ತಾರೆ. ಅಲ್ಲಿಯ ದುಂಡು ಗೊಂಬೆಗಳನ್ನು ಯಂತ್ರಮಾನವರೆಂದು ನಿಲ್ಲಿಸಿದರೆ ಒಪ್ಪುತ್ತದೆ. ಏನೂ ಇಲ್ಲದಿದ್ದರೆ ಗಟ್ಟಿ ಕಾಗದದ ಮೇಲೆ ಚಿತ್ರ ಬರೆದು ಕತ್ತರಿಸಿ ನಿಲ್ಲಿಸಬಹುದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಮಣ್ಣಿನ ಗೊಂಬೆ ಹೊಸದಲ್ಲ. ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಯ ಹೊತ್ತಿಗೆ ಹುಡುಗರು ಮಣ್ಣಿನ ಕೋಟೆ ಕಟ್ಟಿ ಸಿಪಾಯಿಗಳನ್ನು ನಿಲ್ಲಿಸುವುದನ್ನು ಬಹುಜನರು ಕಂಡಿದ್ದಾರೆ. ಆ ಕೋಟೆಯ ಮೇಲೆ ಅಳತೆಪಟ್ಟಿ ಮತ್ತು ದಾಳಗಳನ್ನು ಇಟ್ಟರೆ ಅದೇ ಈ ಆಟ.

ಮೂಡಲಗಿಯಲ್ಲಿ ಸಿದ್ಧವಾದ ಗ್ರಹ

ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿಯಲ್ಲಿ ನನ್ನ ಕಿರಿಯ ಮಗಳ ಮನೆ. ಗೊಂಬೆಗಳು ಸಿದ್ಧವಾಗುವವರೆಗೆ ಮೊಮ್ಮಗ ಅಲ್ಲಿಯೇ ಉಳಿದ. ಆಕೆಯ ಎರಡು ಮಕ್ಕಳು, ಅಣ್ಣ ಮತ್ತು ತಂಗಿ, ಅವನ ಜೊತೆಯಾದರು. ಈ ಮೂವರೂ ಸೇರಿ ಅಂಗಳದಲ್ಲಿ ಒಂದು ಗ್ರಹವನ್ನೇ ನಿರ್ಮಿಸಿದರು. ಅದರ ವಿಧಾನವನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ಆರಂಭಿಸುವವರು ಎಡವುವುದು ಇಲ್ಲಿಯೇ. ಗೊಂಬೆಗಳ ಮೇಲೆ ಹಣ ಸುರಿದು ನೆಲವನ್ನು ಬರಿದಾಗಿ ಬಿಟ್ಟರೆ ಆಟ ಕೆಡುತ್ತದೆ. ಬಟ್ಟ ಬಯಲಿನಲ್ಲಿ ದಾಳ ಬಿದ್ದಂತೆ ಗೊಂಬೆ ಬೀಳುತ್ತದೆ, ಬುದ್ಧಿಗೆ ಕೆಲಸವಿರುವುದಿಲ್ಲ. ಮೇಜಿನ ಮೂರನೆಯ ಒಂದು ಭಾಗವಾದರೂ ಮರೆಗಳಿಂದ ತುಂಬಿರಬೇಕು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಕಣ್ಣು ಹಾಯುವಂತಿರಬಾರದು.

ಮೂರು ಅಡಿ ಉದ್ದ, ಮೂರು ಅಡಿ ಅಗಲದ ಹಲಗೆಯೊಂದು ಸಾಕು. ಅದರ ಮೇಲೆ ಅಂಟು ಬಳಿದು ಸೋಸಿದ ಕೆಂಪು ಮಣ್ಣನ್ನು ಉದುರಿಸಿದರೆ ಮಂಗಳ ಗ್ರಹದ ನೆಲವಾಯಿತು. ಊದುಬತ್ತಿಯ ಡಬ್ಬಿಗಳು ಗೋಡೆಗಳಾದವು. ಹಳೆಯ ಟಾರ್ಚಿನ ಒಡಲು ನೀರಿನ ಗೋಪುರವಾಯಿತು. ಒಡೆದ ತೆಂಗಿನ ಚಿಪ್ಪುಗಳನ್ನು ಬೋರಲಾಗಿಸಿ ಬೂದುಬಣ್ಣ ಹಚ್ಚಿದಾಗ ಮೂರು ಗುಮ್ಮಟಗಳು ಎದ್ದವು. ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಕಂಡವರಿಗೆ ಅವು ಎಲ್ಲಿಂದ ಬಂದವೆಂದು ಹೇಳಬೇಕಾಗಿಲ್ಲ. ನಾವು ಬಾಲ್ಯದಲ್ಲಿ ಬಂಡಿ ಮಾಡುತ್ತಿದ್ದ ಜೋಳದ ದಂಟನ್ನು ಹುಡುಗಿ ಸೀಳಿ, ಬೆಂಡನ್ನು ಬೇರೆ ಮಾಡಿ, ದಾರದಿಂದ ಪೋಣಿಸಿ ಗೋಕಾಕ ಜಲಪಾತದ ತೂಗುಸೇತುವೆಯನ್ನು ಕಟ್ಟಿದಳು. ಅದರ ಕೆಳಗೆ ನೀಲಿ ಗಾಜುಕಾಗದದ ಘಟಪ್ರಭೆ ಹರಿಯಿತು. ಗ್ರಹ ಯಾವುದಾದರೇನು, ನದಿ ನಮ್ಮದೇ.

ಬಣ್ಣದ ವಿಷಯದಲ್ಲಿ ಮೂರು ಸೂತ್ರಗಳನ್ನು ಹುಡುಗರಿಂದ ಕಲಿತೆ. ಮೊದಲು ಇಡೀ ವಸ್ತುವಿಗೆ ಒಂದೇ ತೆಳು ಬಣ್ಣ ಕೊಟ್ಟು ಒಣಗಿಸಬೇಕು. ಅನಂತರ ಕಪ್ಪು ಬಣ್ಣವನ್ನು ನೀರಿನಂತೆ ತೆಳುವಾಗಿಸಿ ಮೇಲೆ ಹರಿಸಬೇಕು. ಅದು ಸಂದುಗಳಲ್ಲಿ ನಿಂತು ನೆರಳು ಕೊಡುತ್ತದೆ. ಕೊನೆಗೆ ಕುಂಚದಲ್ಲಿ ತಿಳಿಬಣ್ಣವನ್ನು ಅದ್ದಿ, ಬಟ್ಟೆಗೆ ಒರೆಸಿ, ಉಳಿದ ಬಣ್ಣವನ್ನು ಉಬ್ಬಿದ ಭಾಗಗಳ ಮೇಲೆ ಹಗುರವಾಗಿ ಎಳೆಯಬೇಕು. ಇಷ್ಟರಿಂದ ಊದುಬತ್ತಿಯ ಡಬ್ಬಿಯೂ ಕಲ್ಲಿನ ಗೋಡೆಯಾಗಿ ಕಾಣುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೇ ಒಳಿತು. ಎರಡು ಎಚ್ಚರಿಕೆಗಳು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುವುದುಂಟು, ಅವನ್ನು ಎಳೆಯ ಮಕ್ಕಳ ಕೈಗೆ ಕೊಡಬಾರದು. ಕ್ಷಣದಲ್ಲಿ ಹಿಡಿಯುವ ಅಂಟನ್ನು ಹಿರಿಯರೇ ಬಳಸಬೇಕು. ನಾನೇ ಒಂದು ದಿನ ಹೆಬ್ಬೆರಳು ತೋರುಬೆರಳುಗಳನ್ನು ಅಂಟಿಸಿಕೊಂಡು ಚಿನ್ಮುದ್ರೆಯಲ್ಲಿ ಅರ್ಧ ತಾಸು ಕುಳಿತಿದ್ದೆ. ಬಿಸಿನೀರು ಮತ್ತು ಸಾಬೂನಿನಿಂದ ಬಿಡುಗಡೆಯಾಯಿತು.

ಗೊಂಬೆಗಳನ್ನು ಬಿಟ್ಟು ನಮಗೆ ತಗಲಿದ ವೆಚ್ಚ ಇಷ್ಟು: ಬಣ್ಣ 250 ರೂಪಾಯಿ, ಎರಡು ಕುಂಚ 60, ಅಂಟು 80, ಅಳತೆಪಟ್ಟಿ 40, ದಾಳ 20. ಒಟ್ಟು 450 ರೂಪಾಯಿ.

ಆಡುವ ಕ್ರಮ

ಪುಸ್ತಕದ ನಿಯಮಗಳು ಮೊದಲ ದಿನಕ್ಕೆ ಹೆಚ್ಚಾದುವು. ಆದುದರಿಂದ ಮಕ್ಕಳು ಆರು ಮುಖದ ಸಾದಾ ದಾಳದಿಂದ ಆಡುವ ಮನೆಯ ನಿಯಮಗಳನ್ನು ಮಾಡಿಕೊಂಡರು. ಓದುಗರು ಇವನ್ನು ಹಾಗೆಯೇ ಬಳಸಬಹುದು.

ಇಬ್ಬರು ಆಟಗಾರರು; ಒಬ್ಬೊಬ್ಬರಿಗೆ ಐದು ಗೊಂಬೆ. ಎದುರುಬದುರು ಅಂಚುಗಳಿಂದ ಆರಂಭ. ನಡುವೆ ಮೂರು ಹುಣಸೆ ಬೀಜಗಳು. ಅವು ಆ ಗ್ರಹದ ನೀರಿನ ಗಡಿಗೆಗಳು. ಒಂದು ಸುತ್ತಿನಲ್ಲಿ ಮೊದಲನೆಯವನು ಒಂದು ಗೊಂಬೆಯನ್ನು ನಡೆಸಿದರೆ ಎರಡನೆಯವನು ಒಂದನ್ನು ನಡೆಸುತ್ತಾನೆ. ಹೀಗೆ ಎಲ್ಲ ಗೊಂಬೆಗಳೂ ನಡೆದಾಗ ಸುತ್ತು ಮುಗಿಯಿತು. ಆಟಕ್ಕೆ ಎಂಟು ಸುತ್ತು.

ಪ್ರತಿ ಗೊಂಬೆಗೆ ಸರದಿಯಲ್ಲಿ ಎರಡು ಕೆಲಸ. ಆರು ಇಂಚು ನಡೆಯುವುದು ಒಂದು ಕೆಲಸ, ಹೊಡೆಯುವುದು ಒಂದು, ಗಡಿಗೆ ಎತ್ತುವುದು ಒಂದು. ಹನ್ನೆರಡು ಇಂಚಿನೊಳಗೆ ಬಯಲಲ್ಲಿ ನಿಂತವನಿಗೆ ಹೊಡೆದಾಗ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ತಾಗಿತು. ಅವನು ಮರೆಯಲ್ಲಿದ್ದರೆ ಐದು ಅಥವಾ ಆರು ಬೇಕು. ಎಂದರೆ ಬಯಲಲ್ಲಿ ಎರಡಕ್ಕೆ ಒಂದು ಹೊಡೆತ ತಾಗಿದರೆ ಮರೆಯಲ್ಲಿ ಮೂರಕ್ಕೆ ಒಂದು. ಮರೆಯ ಬೆಲೆ ಇಷ್ಟೆಂದು ಮಕ್ಕಳು ಹೀಗೆ ಗಣಿತವನ್ನೂ ಕಲಿಯುತ್ತಾರೆ. ಮೈಗೆ ಮೈ ತಾಗಿ ನಿಂತರೆ ಇಬ್ಬರೂ ದಾಳ ಹಾಕುವುದು, ನಾಯಕನಿಗೆ ಒಂದು ಹೆಚ್ಚು. ಕಡಿಮೆ ಬಿದ್ದವನು ಕೆಳಗೆ, ಸಮ ಬಿದ್ದರೆ ಇಬ್ಬರೂ ಹಿಂದೆ.

ಹೊಡೆತ ತಾಗಿದ ಗೊಂಬೆಯನ್ನು ತೆಗೆಯುವುದಿಲ್ಲ, ಮಲಗಿಸುವುದು. ಅವನು ಸತ್ತಿಲ್ಲ, ಬಿದ್ದಿದ್ದಾನೆ. ಸಂಗಡಿಗನೊಬ್ಬ ಹತ್ತಿರ ಬಂದು ಒಂದು ಕೆಲಸವನ್ನು ವ್ಯಯಿಸಿದರೆ ಅವನು ಏಳುತ್ತಾನೆ. ಎಂಟು ಸುತ್ತು ಮುಗಿದಾಗ ಮಲಗಿಯೇ ಇದ್ದವನು ಮುಂದಿನ ಆಟಕ್ಕಿಲ್ಲ. ತನ್ನ ಅಂಚಿಗೆ ಹೆಚ್ಚು ಗಡಿಗೆ ತಂದವನು ಗೆದ್ದ.

ಎರಡೂ ತಂಡಗಳು ಸಮವಾಗಿಯೇ ಇರಬೇಕೆಂದಿಲ್ಲ. ಹುಲಿ-ಕುರಿ ಆಟದಲ್ಲಿ ಮೂರು ಹುಲಿಗಳು ಹದಿನೈದು ಕುರಿಗಳಿಗೆ ಎದುರಾಗುವುದಿಲ್ಲವೇ? ಹಾಗೆಯೇ ಇಲ್ಲಿ ಮೂರು ಬಲವಾದ ಯಂತ್ರಮಾನವರು ಏಳು ಸಾಮಾನ್ಯರಿಗೆ ಎದುರಾಗಬಹುದು. ಇದನ್ನು ಹೇಳಿದಾಗ ಮೊಮ್ಮಗ ಮೊದಲ ಸಲ ನನ್ನ ಮುಖ ನೋಡಿ, "ಅಜ್ಜಾ, ಆ ಆಟ ನನಗ ಕಲಸ್ರಿ" ಎಂದ. ಮಠದ ಹಾಸುಗಲ್ಲಿನ ಗೆರೆಗಳನ್ನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದು ತೋರಿಸಿದೆ.

ಹುಕ್ಕೇರಿಯ ಪಡಸಾಲೆಯಲ್ಲಿ

ಗೊಂಬೆಗಳು ಬಂದ ಸಂಜೆ ನಮ್ಮ ಪಡಸಾಲೆಯಲ್ಲಿ ಮೊದಲ ಆಟ. ನಾನು ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ. ನಾನು ಬೇಗನೆ ಲೆಕ್ಕ ಹಿಡಿದೆ. ಆರನೆಯ ಸುತ್ತಿನಲ್ಲಿ ನನ್ನ ಇಬ್ಬರ ಕೈಯಲ್ಲಿ ಒಂದೊಂದು ಗಡಿಗೆಯಿತ್ತು. ಮೂವರಲ್ಲಿ ಒಬ್ಬ ತೂಗುಸೇತುವೆಯ ಮೇಲೆ ಬಿದ್ದಿದ್ದ. ಗಡಿಗೆ ಹೊತ್ತ ನಾಯಕ ಅವನ ಪಕ್ಕದಲ್ಲಿಯೇ ನಿಂತಿದ್ದ. ಎತ್ತಲು ಒಂದು ಕೆಲಸ ಬೇಕು. ಎತ್ತಿದರೆ ಗಡಿಗೆ ಅಂಚಿಗೆ ಮುಟ್ಟುವುದು ಅನಿಶ್ಚಿತ. ನಾನು ಎರಡು ಕೆಲಸವನ್ನೂ ನಡಿಗೆಗೆ ಕೊಟ್ಟು ಹನ್ನೆರಡು ಇಂಚು ದಾಟಿಸಿದೆ. ಮುಂದಿನ ಸುತ್ತಿಗೆ ಎರಡು ಗಡಿಗೆಗಳೂ ನನ್ನ ಅಂಚಿಗೆ ಸೇರಿದವು. ನಾನು ಗೆದ್ದಿದ್ದೆ.

ಹುಡುಗ ಸೇತುವೆಯ ಮೇಲೆ ಮಲಗಿದ್ದ ಗೊಂಬೆಯನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲನೆ, "ಬಿಟ್ಟು ಬಂದ್ರಿ" ಎಂದ. ಮತ್ತೆ, "ಅವತ್ತೂ ಹಿಂಗ ಮಾಡಿದ್ರಿ, ಅಜ್ಜಾ" ಎಂದ.

ಅವನು ಯಾವ ದಿನವನ್ನು ಹೇಳುತ್ತಿದ್ದಾನೆಂದು ನನಗೆ ಕೂಡಲೆ ತಿಳಿಯಿತು. 2019ರ ಆಗಸ್ಟ್ ತಿಂಗಳು. ಶ್ರಾವಣದ ಪ್ರವಚನಕ್ಕೆಂದು ಗೋಕಾಕಕ್ಕೆ ಹೋಗಿ ತಮ್ಮನ ಮನೆಯಲ್ಲಿಳಿದಿದ್ದೆ. ಈ ಹುಡುಗ ಆಗ ಆರು ವರುಷದವನು, ನನ್ನ ಸಂಗಡ ಬಂದಿದ್ದ. ಘಟಪ್ರಭೆ ಉಕ್ಕಿ ಊರೊಳಗೆ ನುಗ್ಗಿತು. ಮನೆಯೊಳಗೆ ನೀರು ಏರತೊಡಗಿದಾಗ ನಾನು ಮೊದಲು ಓಡಿದ್ದು ನನ್ನ ಕೈಬರಹದ ಟಿಪ್ಪಣಿಗಳ ಗಂಟಿನ ಕಡೆಗೆ. ಅದು ಮೂವತ್ತು ವರುಷಗಳ ವ್ಯಾಸಂಗದ ಫಲ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಮಾಳಿಗೆ ಏರಿದೆ. ಹುಡುಗ ಕೆಳಗೆ ಮೆಟ್ಟಿಲ ಬಳಿ ನಿಂತು ಕರೆಯುತ್ತಿದ್ದ. ಅವನನ್ನು ಎತ್ತಿಕೊಂಡು ಮೇಲೆ ತಂದವಳು ತಮ್ಮನ ಹೆಂಡತಿ. ಯಾರಿಗೂ ಏನೂ ಆಗಲಿಲ್ಲ. ಅನಂತರ ಯಾರೂ ಆ ಮಾತನ್ನು ಎತ್ತಲೂ ಇಲ್ಲ. ಮಗುವಿಗೆ ನೆನಪಿರಲಾರದೆಂದು ನಾನು ನಂಬಿದ್ದೆ, ಅಥವಾ ನಂಬಬಯಸಿದ್ದೆ. ಅವನು ನನ್ನೊಡನೆ ಮಾತು ಬಿಟ್ಟುದು ಪುಣೆಯ ಶಾಲೆಯ ದೋಷವೆಂದು, ಮೊಬೈಲಿನ ದೋಷವೆಂದು ಎಲ್ಲರೆದುರು ಹೇಳುತ್ತ ಬಂದಿದ್ದೆ.

ನಾನು ಉಪನ್ಯಾಸಗಳಲ್ಲಿ ದಯೆಯ ವಿಷಯವಾಗಿ ಎಷ್ಟು ಮಾತಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಎರಡು ಇಂಚಿನ ಮರದ ಗೊಂಬೆಯೊಂದು ನನ್ನ ಲೆಕ್ಕವನ್ನು ಮೇಜಿನ ಮೇಲೆ ಇಟ್ಟಿತು. "ತಪ್ಪಾತು, ತಮ್ಮಾ. ಅವತ್ತೂ ತಪ್ಪಾತು" ಎಂದೆ. ಮೊಮ್ಮಗನೆದುರು ಹಾಗೆ ಹೇಳಿದುದು ನನ್ನ ಜೀವನದಲ್ಲಿ ಅದೇ ಮೊದಲು. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದು ಆಟ ಆಡೋಣ್ರಿ" ಎಂದು ಗೊಂಬೆಗಳನ್ನು ಮತ್ತೆ ಅಂಚಿಗೆ ಜೋಡಿಸಿದ.

ಹಿರಿಯರ ವಿಚಾರಕ್ಕೆ

ಹಿಂಸೆಯ ಆಟವನ್ನು ಮನೆಯೊಳಗೆ ತರಬಹುದೇ ಎಂಬ ನನ್ನ ಮೊದಲಿನ ಪ್ರಶ್ನೆಗೆ ಉತ್ತರ ಪೂರ್ಣವಾಗಿ ದೊರೆತಿದೆಯೆಂದು ಹೇಳಲಾರೆ. ರಕ್ತಪಾತವನ್ನೇ ವೈಭವೀಕರಿಸುವ ಪೆಟ್ಟಿಗೆಗಳೂ ಪೇಟೆಯಲ್ಲಿವೆ; ಅವನ್ನು ನೋಡಿ ಬಿಡುವ ವಿವೇಕ ತಂದೆತಾಯಿಗಳಿಗೆ ಇರಬೇಕು. ಮಗು ಏನನ್ನು ಆಡುತ್ತದೆಂಬುದಕ್ಕಿಂತ ಯಾರೊಡನೆ ಕುಳಿತು ಆಡುತ್ತದೆಂಬುದು ದೊಡ್ಡದೆಂದು ಈಗ ನನಗೆ ತೋರುತ್ತದೆ. ಮೊಬೈಲಿನ ಯುದ್ಧದಲ್ಲಿ ಎದುರಾಳಿಗೆ ಮುಖವಿಲ್ಲ. ಇಲ್ಲಿ ಎದುರಾಳಿಯು ಮಣೆಯ ಆಚೆ ಕುಳಿತಿದ್ದಾನೆ. ಅವನ ಮುಖದ ಮೇಲೆ ನಾವು ಮಾಡಿದುದೆಲ್ಲ ಕಾಣುತ್ತದೆ.

ಆರಂಭಿಸಬಯಸುವವರಿಗೆ ಕೊನೆಯ ಮಾತು. ಮೊದಲು ನೆಲ ಸಿದ್ಧಪಡಿಸಿರಿ, ಆಮೇಲೆ ಗೊಂಬೆ. ಐದಕ್ಕಿಂತ ಹೆಚ್ಚು ಗೊಂಬೆಗಳಿಂದ ತೊಡಗಬೇಡಿರಿ. ಗೊಂಬೆಗಳಿಗೆ ಹೆಸರಿಡಿರಿ. ಪ್ರತಿಯೊಂದು ಆಟವಾದ ಮೇಲೆ ನಡೆದ ಕಥೆಯನ್ನು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆಯಿಸಿರಿ. ನಮ್ಮ ಹುಡುಗ ಹೀಗೆ ಹನ್ನೊಂದು ಪುಟ ಬರೆದಿದ್ದಾನೆ. ಒತ್ತಕ್ಷರಗಳ ತಪ್ಪನ್ನು ನಾನು ತಿದ್ದಿಲ್ಲ. ಸಾಧ್ಯವಾದರೆ ಗೊಂಬೆಗಳನ್ನು ನಮ್ಮ ನೆಲದ ಕುಶಲಕರ್ಮಿಗಳಿಂದಲೇ ಮಾಡಿಸಿರಿ. ಗೋಕಾಕದ ಆ ಹಿರಿಯರು ಈಗ ಮೂಡಲಗಿಯ ಮಕ್ಕಳಿಗಾಗಿ ಇನ್ನೂ ಹತ್ತು ಗೊಂಬೆ ಕೆತ್ತುತ್ತಿದ್ದಾರೆ. "ಈ ಸಲ ದೇವರೋ ರಾಕ್ಷಸೋ ಅಂತ ಕೇಳೂದಿಲ್ರಿ, ಗೊತ್ತಾಗೇದ" ಎಂದು ಹೇಳಿ ಕಳುಹಿಸಿದ್ದಾರೆ.

ನಮ್ಮ ಮನೆಯ ನಿಯಮಗಳಿಗೆ ನಾನೊಂದು ನಿಯಮವನ್ನು ಸೇರಿಸಿದ್ದೇನೆ. ಅಂಚಿಗೆ ತಂದ ಗಡಿಗೆಗೆ ಒಂದು ಅಂಕ. ಬಿದ್ದವನನ್ನು ಎತ್ತಿ ಅಂಚಿಗೆ ತಂದರೆ ಎರಡು ಅಂಕ. ಆ ನಿಯಮ ಬಂದಂದಿನಿಂದ ನಾನು ಹೆಚ್ಚಾಗಿ ಸೋಲುತ್ತಿದ್ದೇನೆ. ಮೊಮ್ಮಗ ಯಾರನ್ನೂ ಸೇತುವೆಯ ಮೇಲೆ ಬಿಟ್ಟು ಬರುವುದಿಲ್ಲ. ಬರುವ ದೀಪಾವಳಿಗೆ ಅವನು ಹುಕ್ಕೇರಿಗೆ ಬರುತ್ತಾನೆ. ಬರುವಾಗ ಏನು ತರಲೆಂದು ತಾನಾಗಿಯೇ ದೂರವಾಣಿ ಮಾಡಿ ಕೇಳಿದ್ದಾನೆ.